ಕ್ಯಾಲೆಂಡರಿನ ಹಿಂದೆ

ಮಾರ್ಚ್ ಹಾಳೆ ತಿರುವಿ ಏಪ್ರಿಲ್ ಮಾಡೋಣವೆಂದು ಹೋದರೆ ಕ್ಯಾಲೆಂಡರೇ ಮೊಳೆಯಿಂದ ಕಳಚಿ ಕೈಗೆ ಬಂತು. ಅದರ ಹಿಂದೆ, ಧೂಳು ಬಿಸಿಲು ತಾಗದೆ ಬೆಳ್ಳಗೆ ಉಳಿದಿದ್ದ ಗೋಡೆಯ ಚೌಕದಲ್ಲಿ, ಯಾರೋ ಸಾಸಿವೆ ಎರಚಿದ ಹಾಗೆ ಕಂದು ಚುಕ್ಕಿಗಳು. ಅಡುಗೆಮನೆಯಾಗಿದ್ದರೆ ಒಗ್ಗರಣೆ ಸಿಡಿದಿದೆ ಎಂದುಕೊಳ್ಳಬಹುದಿತ್ತು. ಇದು ಹಾಲ್. ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ನೋಡಿದೆ. ಸಾಸಿವೆ ಮೇಲಕ್ಕೆ ಹತ್ತುತ್ತಿತ್ತು.

ಅಷ್ಟು ಹೊತ್ತಿಗೆ ಮೂರು ವಾರದಿಂದ ನಾನು ನಮ್ಮ ನಾಯಿ ಕೆಂಚನ ಮೈ ಹೆಕ್ಕುತ್ತಿದ್ದೆ. ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದು, ಬಾಲದ ಬುಡ, ಕತ್ತಿನ ಪಟ್ಟಿಯ ಕೆಳಗೆ. ಮೂರು ಸಲ ಶಾಂಪೂ ಹಾಕಿ ತಿಕ್ಕಿದ್ದೆ. ಇವತ್ತು ಹತ್ತು ತೆಗೆದರೆ ನಾಳೆ ಬೆಳಿಗ್ಗೆ ಮತ್ತೆ ಎಂಟು. ಸಂಜೆ ವಾಕಿಂಗಿನಲ್ಲಿ ಹತ್ತುತ್ತಿವೆ ಎಂದು ತೀರ್ಮಾನಿಸಿ ವಾಕಿಂಗ್ ದಾರಿಯನ್ನೇ ಬದಲಿಸಿದ್ದೆ. ಅಮ್ಮ ಸಾಗರದಿಂದ ಬಂದು ಎರಡು ದಿನವಾಗಿತ್ತಷ್ಟೇ. ನನ್ನ ಕೂಗಿಗೆ ಒಳಗಿಂದ ಬಂದವಳು ಗೋಡೆ ನೋಡಿದಳು, ನನ್ನ ಕೈಯಲ್ಲಿದ್ದ ಚಿಮಟ ನೋಡಿದಳು.

"ನಾಯಿ ಮೈ ಎಂತ ನೋಡ್ತಿ ಮಾರಾಯ್ತಿ. ಗೋಡೆ ನೋಡು."

ಆ ಒಂದು ಮಾತು ಅರ್ಥವಾಗಲು ನನಗೆ ಆಮೇಲೆ ಸುಮಾರು ನಾಲ್ಕು ತಿಂಗಳು ಹಿಡಿಯಿತು.

ಮೈಗೆ ಅಂಟಿ ರಕ್ತ ಕುಡಿಯುವ ಈ ಜೀವಿಗೆ ನಮ್ಮೂರಲ್ಲಿ ಉಣುಗು ಅನ್ನುತ್ತೇವೆ. ಬೆಂಗಳೂರಿನಲ್ಲಿ ಉಣ್ಣೆ. ನನಗೆ ಉಣ್ಣೆ ಎಂದರೆ ಇವತ್ತಿಗೂ ಮೊದಲು ಕಂಬಳಿ ನೆನಪಾಗುತ್ತದೆ, ಹಾಗಾಗಿ ಉಣುಗು ಎಂದೇ ಬರೆಯುತ್ತೇನೆ. ಅಜ್ಜಿ ಸಂಜೆ ಹಾಲು ಕರೆದಾದ ಮೇಲೆ ಕೊಟ್ಟಿಗೆಯಲ್ಲೇ ಕುಕ್ಕರುಗಾಲಲ್ಲಿ ಕೂತು ದನದ ಗಂಗೆದೊಗಲು, ಕೆಚ್ಚಲ ಸಂದು, ಕಿವಿ ಎಲ್ಲ ತಡಕಿ ಉಣುಗು ತೆಗೆಯುತ್ತಿದ್ದಳು. ಪಕ್ಕದಲ್ಲಿ ಒಂದು ಗರಟೆ, ಅದರಲ್ಲಿ ಎರಡು ಬೆರಳು ಸೀಮೆಎಣ್ಣೆ. ರಕ್ತ ಕುಡಿದು ಉಬ್ಬಿದ ಉಣುಗು ಥೇಟ್ ಹರಳುಬೀಜ. ಬೂದು ಬಣ್ಣ, ನುಣುಪು, ತುದಿಯಲ್ಲಿ ಒಂದು ಚೂರು ಮೂತಿ. ಹರಳು ಗಿಡದ ಲ್ಯಾಟಿನ್ ಹೆಸರು ರಿಸಿನಸ್, ಆ ಶಬ್ದದ ಅರ್ಥವೇ ಉಣುಗು ಎಂದು ಎಷ್ಟೋ ವರ್ಷ ಕಳೆದ ಮೇಲೆ ಓದಿದೆ. ಅಜ್ಜಿಗೆ ಲ್ಯಾಟಿನ್ ಬರುತ್ತಿರಲಿಲ್ಲ. ಆದರೆ "ಹರಳುಬೀಜ ಆಯ್ತು ನೋಡು" ಎಂದೇ ಹೇಳುತ್ತಿದ್ದಳು. ನಾವು ಮಕ್ಕಳು ಅದನ್ನು ಕಲ್ಲಿನ ಮೇಲಿಟ್ಟು ಪಟ್ಟೆಂದು ಒಡೆಯುವ ಆಟ ಆಡಿದರೆ ಬೆನ್ನಿಗೆ ಒಂದು ಬೀಳುತ್ತಿತ್ತು. ಒಡೆಯಬಾರದು, ಅದರ ರಸ ಕೈಗೆ ಕಣ್ಣಿಗೆ ತಾಗಬಾರದು. ಕಾರಣ ಹೇಳುತ್ತಿರಲಿಲ್ಲ. ಈಗ ಡಾಕ್ಟರುಗಳು ಕಾರಣ ಹೇಳುತ್ತಾರೆ: ಅದರ ಹೊಟ್ಟೆಯಲ್ಲಿರುವ ರೋಗಾಣು ಗಾಯಕ್ಕೋ ಕಣ್ಣಿಗೋ ಹೋಗುವುದು ಬೇಡ ಎಂದು.

ನಮ್ಮ ಕಡೆ ಉಣುಗಿನ ಮಾತು ಬರೀ ಕೊಟ್ಟಿಗೆಯ ಮಾತಾಗಿರಲಿಲ್ಲ. ಅಮ್ಮ ಹುಟ್ಟಿದ್ದು 1957ರಲ್ಲಿ. ಅದೇ ವರ್ಷ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಹಿಂದೆಯೇ ಜನರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ರೋಗಾಣು ಪತ್ತೆ ಮಾಡಿ, ಅದನ್ನು ದಾಟಿಸುವುದು ಕಾಡಿನ ಉಣುಗು ಎಂದು ಕಂಡುಕೊಂಡರು. ಪುಸ್ತಕದಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆ, ನಮಗೆ ಮಂಗನ ಕಾಯಿಲೆ. ಮಂಗ ಸತ್ತರೆ ಅದರ ಮೈಮೇಲಿದ್ದ ಉಣುಗುಗಳು ತಣ್ಣಗಾದ ಮೈ ಬಿಟ್ಟು ಸುತ್ತ ಇಳಿಯುತ್ತವೆ. ಆ ಜಾಗಕ್ಕೆ ದರಕು, ಅಂದರೆ ಒಣಗಿದ ಎಲೆ, ತರಲು ಹೋದವರಿಗೆ ಹತ್ತುತ್ತವೆ. ಅದಕ್ಕೇ ಎಲ್ಲಾದರೂ ಸತ್ತ ಮಂಗ ಕಂಡರೆ ಆಸ್ಪತ್ರೆಗೆ ತಿಳಿಸಬೇಕು ಎಂಬುದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತಿತ್ತು. ಮಳೆಗಾಲ ಮುಗಿದು ಚಳಿ ಶುರುವಾದಾಗಿನಿಂದ ಮುಂದಿನ ಮಳೆ ಬೀಳುವ ತನಕ ಕಾಡಿಗೆ ಹೋಗುವವರು ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡಿಎಂಪಿ ಎಣ್ಣೆ ಹಚ್ಚಿಕೊಳ್ಳಬೇಕು, ಬಂದ ಮೇಲೆ ಬಟ್ಟೆ ಬಚ್ಚಲಿನ ಬಿಸಿನೀರಿಗೆ ಹಾಕಿ ಮೀಯಬೇಕು. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2019ರಲ್ಲಿ ಸಾಲು ಸಾವುಗಳಾದಾಗ ಫೋನಿನಲ್ಲಿ ಅಮ್ಮನ ದನಿ ಬೇರೆಯೇ ಆಗಿತ್ತು.

ಇಷ್ಟೆಲ್ಲ ಗೊತ್ತಿದ್ದ ಮನೆಯ ಮಗಳು ನಾನು ಬೆಂಗಳೂರಿನಲ್ಲಿ ಮೂರು ವಾರ ನಾಯಿಯ ಮೈ ಮಾತ್ರ ನೋಡುತ್ತ ಕೂತಿದ್ದೆ. ನನ್ನ ತಲೆಯಲ್ಲಿದ್ದುದು ಕಾಡಿನ ಉಣುಗು: ಎಲೆಯ ತುದಿಯಲ್ಲಿ ಮುಂಗಾಲು ಚಾಚಿ ಕಾಯುವುದು, ಹಾದು ಹೋದವರಿಗೆ ಅಂಟುವುದು, ಊರ ಒಳಗಲ್ಲ, ಹೊರಗಿರುವುದು. ಕೆಂಚನಿಗೆ ಹತ್ತಿದ್ದು ಬೇರೆ ಜಾತಿ. ಕಂದು ನಾಯಿ ಉಣುಗು ಅನ್ನಬಹುದು, ರಿಪಿಸೆಫಾಲಸ್ ಎಂಬ ಕುಲದ್ದು. ಅದಕ್ಕೆ ಕಾಡು ಬೇಡ, ಹುಲ್ಲೂ ಬೇಡ. ಒಂದು ನಾಯಿ, ಒಂದು ಗೋಡೆ ಇದ್ದರೆ ಸಾಕು, ಸಂಸಾರ ಹೂಡುತ್ತದೆ.

ಅದರ ಬದುಕು ಹೀಗೆ. ಮೊಟ್ಟೆಯಿಂದ ಆರು ಕಾಲಿನ ಮರಿ ಹೊರಬರುತ್ತದೆ. ನಾಯಿಗೆ ಹತ್ತಿ ಕೆಲವು ದಿನ ರಕ್ತ ಕುಡಿದು ಇಳಿದುಬಿಡುತ್ತದೆ. ಗೋಡೆಯ ಸಂದಿನಲ್ಲಿ ಕೂತು ಪೊರೆ ಬಿಟ್ಟು ಎಂಟು ಕಾಲಿನದಾಗುತ್ತದೆ. ಮತ್ತೆ ನಾಯಿ ಹತ್ತುತ್ತದೆ, ಕುಡಿಯುತ್ತದೆ, ಇಳಿಯುತ್ತದೆ, ಪೊರೆ ಬಿಡುತ್ತದೆ. ಪ್ರಾಯಕ್ಕೆ ಬಂದ ಮೇಲೆ ಮೂರನೇ ಸಲ ಹತ್ತುತ್ತದೆ. ಹೆಣ್ಣು ಹರಳುಬೀಜದಷ್ಟಾಗಿ ಕೊನೆಯ ಸಲ ಇಳಿದು, ಸಂದಿ ಹುಡುಕಿ, ಮೂರು ನಾಲ್ಕು ಸಾವಿರದವರೆಗೂ ಮೊಟ್ಟೆ ಇಟ್ಟು ಸಾಯುತ್ತದೆ. ಸೆಕೆಗಾಲದಲ್ಲಿ ಇಡೀ ಸುತ್ತು ಎರಡು ತಿಂಗಳೊಳಗೆ ಮುಗಿಯಬಹುದು. ಊಟ ಸಿಗದಿದ್ದರೆ ಅವಸರವೇನೂ ಇಲ್ಲ. ತಿಂಗಳುಗಟ್ಟಲೆ ಉಪವಾಸ ಇರಬಲ್ಲದು, ಪ್ರಾಯದ್ದಾದರೆ ವರ್ಷದ ಮೇಲೂ. ಅಂದರೆ ನಾಯಿ ಅದಕ್ಕೆ ಹೋಟೆಲು. ಮೂರು ಸಲ ಊಟಕ್ಕೆ ಹೋಗಿ ಬರುತ್ತದೆ. ಅದರ ಮನೆ ನಮ್ಮ ಮನೆ. ಹೋಟೆಲಿನ ಟೇಬಲ್ಲಿನಿಂದ ನಾಲ್ಕು ಗಿರಾಕಿಗಳನ್ನು ಎಳೆದು ಹೊರಗೆ ಹಾಕಿ ಊರು ಖಾಲಿಯಾಯಿತು ಎಂದುಕೊಂಡಿದ್ದೆ ನಾನು.

ಇನ್ನೊಂದು ವಿಷಯ ಅಮ್ಮ ಕಣ್ಣಳತೆಯಲ್ಲೇ ಹಿಡಿದಳು: ಇವು ಮೇಲಕ್ಕೆ ಹತ್ತುತ್ತವೆ. ನಾನು ಗುಡಿಸಿದ್ದು ಒರೆಸಿದ್ದು ನೆಲ. ಅವು ಇದ್ದಿದ್ದು ಪರದೆಯ ಮಡಿಕೆಯಲ್ಲಿ, ಸ್ವಿಚ್ ಬೋರ್ಡಿನ ಅಂಚಿನಲ್ಲಿ, ಕಿಟಕಿ ಚೌಕಟ್ಟು ಗಿಲಾವಿನಿಂದ ಬಿಟ್ಟುಕೊಂಡ ಬಿರುಕಿನಲ್ಲಿ. ಆ ಬಿರುಕಿಗೆ ಅಮ್ಮ ತಲೆಗೆ ಸಿಕ್ಕಿಸುವ ಪಿನ್ನು ಹಾಕಿ ಎಳೆದಾಗ ಒಂದು ಗುಂಪು ಮೊಟ್ಟೆ ಬಂತು. ಜೋನಿಬೆಲ್ಲದಲ್ಲಿ ಅದ್ದಿ ತೆಗೆದ ಗಸಗಸೆ ಹಾಗಿತ್ತು, ಅಂಟಂಟು, ಹೊಳೆಯುವ ಕಂದು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಅಮ್ಮ ಎಂದಿನಂತೆ ಉಂಡಳು.

ಊಟ ಬಿಟ್ಟವನು ಇನ್ನೊಬ್ಬನೂ ಇದ್ದ. ಕೆಂಚ ಬೀದಿಯಿಂದ ಬಂದವನು, ತಟ್ಟೆ ಬಿಟ್ಟಿದ್ದೇ ಇಲ್ಲ. ಮೊದಲ ದಿನ ಸೆಕೆಗೆ ಇರಬೇಕು ಎಂದುಕೊಂಡೆ. ಎರಡನೇ ದಿನ ಮೊಸರನ್ನಕ್ಕೂ ಮೂಗು ತಿರುಗಿಸಿದ. ಮೂರನೇ ಬೆಳಿಗ್ಗೆ ಅವನು ಮಲಗುವ ಚಾಪೆಯ ಪಕ್ಕ ನೆಲದ ಮೇಲೆ ಒಂದು ಕೆಂಪು ಹನಿ. ಅಮ್ಮನ ಕುಂಕುಮದ ಭರಣಿ ಚೆಲ್ಲಿತೇನೋ ಎಂದು ಒರೆಸಿದೆ. ಅರ್ಧ ಗಂಟೆ ಬಿಟ್ಟು ಇನ್ನೊಂದು ಹನಿ, ಈ ಸಲ ಅವನ ಮೂಗಿನಿಂದ ಬೀಳುವುದನ್ನು ಕಣ್ಣಾರೆ ಕಂಡೆ. ತುಟಿ ಎತ್ತಿ ನೋಡಿದರೆ ಒಸಡು ಬಿಳಿಚಿಕೊಂಡಿತ್ತು.

ಡಾಕ್ಟರು ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿದರು. ಯುವ ಡಾಕ್ಟರು, ಹೇಳಿಕೊಡುವ ಉಮೇದು ಇನ್ನೂ ಉಳಿದಿರುವ ವಯಸ್ಸು. "ಬನ್ನಿ ಮೇಡಂ, ನೋಡಿ" ಎಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ನೇರಳೆ ಬಣ್ಣದ ಒಂದು ಬಿಳಿರಕ್ತಕಣ, ಅದರ ಹೊಟ್ಟೆಯಲ್ಲಿ ಸಣ್ಣ ಸಣ್ಣ ಗುಂಡುಗಳು ಒತ್ತಾಗಿ ಕೂಡಿದ ಒಂದು ಗೊಂಚಲು. ಇದಕ್ಕೆ ಮೊರುಲಾ ಅನ್ನುತ್ತಾರೆ, ಅಂದರೆ ಹಿಪ್ಪುನೇರಳೆ ಹಣ್ಣು ಎಂದರು. ನಿಜಕ್ಕೂ ಹಾಗೆಯೇ ಇತ್ತು. ರೇಷ್ಮೆಯ ನಾಡಿನಲ್ಲಿ ಆ ಹಣ್ಣನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ರೋಗಾಣುವಿನ ಹೆಸರು ಎರ್ಲಿಕಿಯ. ಎಲ್ಲ ನಾಯಿಗಳಲ್ಲೂ ಹೀಗೆ ಗಾಜಿನ ಮೇಲೆ ಕಾಣಸಿಗುವುದಿಲ್ಲವಂತೆ, ಎಷ್ಟೋ ಸಲ ಬೇರೆ ಪರೀಕ್ಷೆಯೇ ಬೇಕಾಗುತ್ತದೆ. ನಾಯಿ ಸಾಕುವವರ ಬಾಯಲ್ಲಿ ಇದು ಬರೀ 'ಟಿಕ್ ಫೀವರ್'. ಮೊದಲು ಗುರುತಿಸಿದ್ದು 1935ರಲ್ಲಿ ಅಲ್ಜೀರಿಯದಲ್ಲಿ. ವಿಯೆಟ್ನಾಂ ಯುದ್ಧಕ್ಕೆ ಅಮೆರಿಕದವರು ಕರೆದೊಯ್ದ ಸೈನ್ಯದ ನಾಯಿಗಳನ್ನು ಮೂಗಿನಿಂದ ರಕ್ತ ಸುರಿಸಿ ಕೊಂದಿದ್ದೂ ಇದೇ. ಕೆಂಚನ ಪ್ಲೇಟ್ಲೆಟ್ 38 ಸಾವಿರಕ್ಕೆ ಇಳಿದಿತ್ತು. ಆರೋಗ್ಯವಾಗಿರುವ ನಾಯಿಗೆ ಎರಡು ಲಕ್ಷದ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಇರಬೇಕು.

28 ದಿನ ಡಾಕ್ಸಿಸೈಕ್ಲಿನ್. ಹಾಲು ಮೊಸರಿನ ಜೊತೆ ಬೇಡ, ಔಷಧಿ ಸರಿಯಾಗಿ ಹೀರುವುದಿಲ್ಲ ಎಂದರು. ಮೊಸರಿಲ್ಲದೆ ಮಾತ್ರೆ ನುಂಗಿಸುವುದು ಹೇಗೆ ಎಂಬುದೇ ನಮ್ಮ ಮನೆಯ ದೊಡ್ಡ ಚರ್ಚೆಯಾಯಿತು. ಬಾಳೆಹಣ್ಣಿನಲ್ಲಿ ಇಟ್ಟರೆ ಹಣ್ಣು ತಿಂದು ಮಾತ್ರೆ ಉಗಿದ. ಕೊನೆಗೆ ಗೆದ್ದಿದ್ದು ಬಿಸಿ ಇಡ್ಲಿಯ ಮುದ್ದೆ. ಐದನೇ ದಿನಕ್ಕೆ ಬಾಲ ಅಲ್ಲಾಡಿಸಿದ. ಆಗ ನಿಲ್ಲಿಸಿಬಿಡುವವರೇ ಹೆಚ್ಚು, ನೀವು ನಿಲ್ಲಿಸಬೇಡಿ ಎಂದು ಡಾಕ್ಟರು ಮೊದಲೇ ಬೈದಿಟ್ಟಿದ್ದರು.

ಅವರು ಹೇಳಿದ ಎರಡು ಮಾತು ನನ್ನಲ್ಲಿ ಉಳಿದಿವೆ. ಉಣುಗು ಕಚ್ಚಿ ಒಂದೆರಡು ದಿನ ಅಂಟಿಕೊಂಡಿದ್ದರೆ ಮಾತ್ರ ದಾಟುವ ರೋಗಗಳಿವೆ, ಬಬೇಸಿಯ ಅಂಥದ್ದು. ದಿನಾ ಹೆಕ್ಕಿ ತೆಗೆದರೆ ಅದರಿಂದ ಸ್ವಲ್ಪ ರಕ್ಷಣೆ. ಆದರೆ ಎರ್ಲಿಕಿಯ ಕೆಲವೇ ಗಂಟೆಗಳಲ್ಲಿ ದಾಟಬಲ್ಲದು, ಕಚೇರಿಯಿಂದ ಬಂದು ಹೆಕ್ಕಿದರೆ ತಡವಾಗಿರುತ್ತದೆ. ಎರಡನೆಯದು, ಈ ರೋಗ ಉಣುಗಿನ ತಾಯಿಯಿಂದ ಮೊಟ್ಟೆಗೆ ಹೋಗುವುದಿಲ್ಲ. ನಮ್ಮ ಗೋಡೆಯಲ್ಲಿ ಹುಟ್ಟಿದ ಮರಿ ಹುಟ್ಟುವಾಗ ಶುದ್ಧ. ಅದಕ್ಕೆ ರೋಗ ಕೊಡುವುದು ಇನ್ನೊಂದು ನಾಯಿ. ಅಂದರೆ ಕೆಂಚನಿಗೆ ಕೊಟ್ಟ ಉಣುಗಿಗೆ ಮೊದಲು ಬೇರೆ ಯಾವುದೋ ನಾಯಿ ಕೊಟ್ಟಿತ್ತು. ಯಾರ ನಾಯಿ? ನಮ್ಮ ಗೇಟಿನ ಹೊರಗೆ, ಟೀ ಅಂಗಡಿಯ ಕಟ್ಟೆ ಕೆಳಗೆ ಮಲಗುವ ಐದರಲ್ಲಿ ಒಂದಿರಬಹುದು. ಆ ಮಾತಿಗೆ ಮತ್ತೆ ಬರುತ್ತೇನೆ.

ನಡುವೆ ನಾನು ಮಾಡಿದ ಒಂದು ಅನಾಹುತ ಬರೆಯಲೇಬೇಕು. ಬರೆಯದೆ ಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಕೆಳಗಿನ ಮನೆಯ ಆಂಟಿಯ ಬೆಕ್ಕು ಚಿನ್ನು. ಬಿಳಿ ಹೊಟ್ಟೆ, ಹಳದಿ ಬೆನ್ನು, ನಮ್ಮ ಮೆಟ್ಟಿಲ ಮೇಲೇ ಅದರ ಮಧ್ಯಾಹ್ನದ ನಿದ್ದೆ. ನಮ್ಮ ಮನೆಯ ಕಥೆ ಕೇಳಿ ಆಂಟಿಗೆ ಹೆದರಿಕೆಯಾಗಿ, ಚಿನ್ನುಗೂ ಏನಾದರೂ ಹಾಕಬೇಕಾ ಎಂದು ಕೇಳಿದರು. ನನ್ನ ಹತ್ತಿರ ನಾಯಿಯ ಕತ್ತಿನ ಹಿಂದೆ ಬಿಡುವ ಹನಿ ಔಷಧಿಯ ಒಂದು ಟ್ಯೂಬು ಉಳಿದಿತ್ತು. ಬೆಕ್ಕು ಚಿಕ್ಕದಲ್ಲವೇ, ಅರ್ಧ ಸಾಕು ಎಂದು ನಾನೇ ಬಿಟ್ಟೆ. ಮಧ್ಯಾಹ್ನ ಮೂರು ಗಂಟೆ ಇರಬೇಕು. ಸಂಜೆ ಆರಕ್ಕೆ ಆಂಟಿ ಮೆಟ್ಟಿಲ ಕೆಳಗಿಂದ ಕೂಗಿದರು. ಚಿನ್ನುವಿನ ಕಿವಿ ಅದುರುತ್ತಿತ್ತು. ಒದ್ದೆ ತುಳಿದವರ ಹಾಗೆ ಒಂದೊಂದೇ ಪಾದ ಎತ್ತಿ ಕೊಡವುತ್ತಿತ್ತು. ನೋಡನೋಡುತ್ತಿದ್ದಂತೆ ಮೈಯೆಲ್ಲ ನಡುಕ ಹತ್ತಿ ನಿಲ್ಲಲಾರದೆ ಪಕ್ಕಕ್ಕೆ ಬಿತ್ತು.

ಫೋನಿನಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಡಬ್ಬಿಯ ಮೇಲೆ ಪರ್ಮೆತ್ರಿನ್ ಎಂಬ ಕೀಟನಾಶಕದ ಹೆಸರು ಇದೆಯಾ. ಇತ್ತು. ಅದರ ಪಕ್ಕದಲ್ಲೇ ಒಂದು ಬೆಕ್ಕಿನ ಚಿತ್ರ, ಅದರ ಮೇಲೆ ಅಡ್ಡಗೆರೆ. ನಾನು ಆ ಡಬ್ಬಿಯನ್ನು ಹತ್ತು ಸಲವಾದರೂ ಕೈಯಲ್ಲಿ ಹಿಡಿದಿದ್ದೆ. ಪಾತ್ರೆ ತೊಳೆಯುವ ಸೋಪಿನ ನೀರಿನಿಂದ, ಉಗುರುಬೆಚ್ಚಗೆ, ಬೇಗ ತೊಳೆದು ಟವೆಲ್ಲಿನಲ್ಲಿ ಸುತ್ತಿ ಕರೆತನ್ನಿ ಎಂದರು. ಆಟೋದಲ್ಲಿ ಆಂಟಿ ಮಾತಾಡಲಿಲ್ಲ. ಅವರ ಮಡಿಲಲ್ಲಿ ಟವೆಲ್ಲು ಒಂದೇ ಸಮ ನಡುಗುತ್ತಿತ್ತು. ಎರಡು ರಾತ್ರಿ ಆಸ್ಪತ್ರೆಯಲ್ಲಿದ್ದು ಚಿನ್ನು ಬದುಕಿತು.

ನಾಯಿಯ ಪಿತ್ತಜನಕಾಂಗ ಕರಗಿಸಿ ಹೊರಹಾಕುವ ಎಷ್ಟೋ ರಾಸಾಯನಿಕಗಳನ್ನು ಬೆಕ್ಕಿನ ಪಿತ್ತಜನಕಾಂಗ ಕರಗಿಸಲಾರದು, ಅದಕ್ಕೆ ಬೇಕಾದ ಕಿಣ್ವ ಅದರಲ್ಲಿ ಬಹಳ ಕಡಿಮೆ. ಜ್ವರಕ್ಕೆ ನಾವು ನುಂಗುವ ಪ್ಯಾರಸಿಟಮಾಲ್ ಬೆಕ್ಕನ್ನು ಕೊಲ್ಲುವುದಕ್ಕೂ ಇದೇ ಕಾರಣ. ಬೆಕ್ಕು ಚಿಕ್ಕ ನಾಯಿಯಲ್ಲ. ಇದನ್ನು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಆ ಪಾಪಕ್ಕೆ ಪ್ರಾಯಶ್ಚಿತ್ತವೋ ಏನೋ, ಎರಡು ತಿಂಗಳ ನಂತರ ನಾನೇ ಚಿನ್ನುವಿನ ಪರ ವಕೀಲಿ ಮಾಡಬೇಕಾಯಿತು. ಆಂಟಿಯ ಮಗಳು ಐದು ತಿಂಗಳ ಬಸುರಿ ತವರಿಗೆ ಬಂದಳು. ಬೀಗರ ಕಡೆಯಿಂದ ಒಂದೇ ಹಟ: ಬೆಕ್ಕನ್ನು ಎಲ್ಲಾದರೂ ಬಿಟ್ಟು ಬನ್ನಿ, ಬಸುರಿ ಇರುವ ಮನೆಯಲ್ಲಿ ಬೆಕ್ಕು ಇರಬಾರದು. ಹೆದರಿಕೆ ಸುಳ್ಳಲ್ಲ. ಟಾಕ್ಸೊಪ್ಲಾಸ್ಮ ಎಂಬ ಪರೋಪಜೀವಿ ಬೆಕ್ಕಿನ ಮಲದಲ್ಲಿ ಬರುತ್ತದೆ. ಬಸುರಿಗೆ ಆಗ ಹೊಸದಾಗಿ ತಗುಲಿದರೆ ಮಗುವಿಗೆ ತೊಂದರೆಯಾಗಬಹುದು. ಆದರೆ ಬೆಕ್ಕು ಅದನ್ನು ಹೊರಹಾಕುವುದು ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗುಲಿದಾಗ, ಅದೂ ಕೆಲವು ವಾರ ಮಾತ್ರ. ಹೊರಬಿದ್ದ ಕೂಡಲೇ ಅದು ಅಂಟುವುದಿಲ್ಲ, ಪಕ್ವವಾಗಲು ಒಂದರಿಂದ ಐದು ದಿನ ಬೇಕು. ದಿನಾ ಒಂದು ಸಲ ಮರಳಿನ ತಟ್ಟೆ ಚೊಕ್ಕ ಮಾಡಿದರೆ, ಅದನ್ನೂ ಬಸುರಿ ಬಿಟ್ಟು ಬೇರೆಯವರು ಮಾಡಿದರೆ, ದಾರಿ ಬಹುಮಟ್ಟಿಗೆ ಮುಚ್ಚಿತು. ಅರೆಬೆಂದ ಮಾಂಸ, ಸರಿಯಾಗಿ ತೊಳೆಯದ ಸೊಪ್ಪು, ಕೈಗೆ ಮೆತ್ತಿದ ಮಣ್ಣು ಇವುಗಳಿಂದಲೂ ಅದು ಬರುತ್ತದೆ. ಬೀಗರ ಮನೆಯಲ್ಲಿ ಕೊತ್ತಂಬರಿ ಎಷ್ಟು ಸಲ ತೊಳೆಯುತ್ತಾರೆ ಎಂದು ಕೇಳಬೇಕು ಅನ್ನಿಸಿತ್ತು, ಕೇಳಲಿಲ್ಲ. ಆಂಟಿ ಮಗಳನ್ನು ಹೆರಿಗೆ ಡಾಕ್ಟರ ಹತ್ತಿರ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದರು. ಮರಳಿನ ತಟ್ಟೆಯ ಕೆಲಸ ಅಂಕಲ್ ಪಾಲಿಗೆ ಬಂತು. ನಿವೃತ್ತರಾದ ಮೇಲೆ ಅವರಿಗೆ ಸಿಕ್ಕ ಮೊದಲ ಡ್ಯೂಟಿ. ಮಗು ಹುಟ್ಟಿತು, ಚಿನ್ನು ಉಳಿಯಿತು.

ಇನ್ನು ಮನೆಯ ಕಥೆ. ಕೀಟ ಹೊಡೆಯುವವರನ್ನು ಕರೆಸಿದೆವು. ಬಂದ ಹುಡುಗ ನೆಲದ ಅಂಚಿಗೆ ಒಂದು ಸುತ್ತು ಹೊಡೆದು ಸಹಿ ಹಾಕಿಸಿಕೊಂಡು ಹೊರಟ. ಅಮ್ಮ ಅವನನ್ನು ಬಾಗಿಲಲ್ಲೇ ತಡೆದು ಕ್ಯಾಲೆಂಡರ್ ಎತ್ತಿ ತೋರಿಸಿದಳು. ಅಲ್ಲಿಂದ ಅವಳೇ ಮೇಸ್ತ್ರಿ. ಸ್ವಿಚ್ ಬೋರ್ಡು, ಮಂಚದ ಕೀಲು, ಸೋಫಾದ ಹೊಲಿಗೆ, ಬಾಗಿಲ ಚೌಕಟ್ಟು. ಕೆಂಚನನ್ನು ನೆಲ ಒಣಗುವ ತನಕ ಟೆರೇಸಿಗೆ ಕಟ್ಟಿದೆವು. ಹೊಡೆದ ಔಷಧಿಗೆ ಮೊಟ್ಟೆಗಳು ಜಗ್ಗುವುದಿಲ್ಲ, ಅವು ಒಡೆದ ಮೇಲೆ ಮತ್ತೆ ಹೊಡೆಯಬೇಕು ಎಂದು ಆ ಹುಡುಗನೇ ಒಪ್ಪಿಕೊಂಡ. ಒಂದೇ ಸಲಕ್ಕೆ ಗ್ಯಾರಂಟಿ ಎಂದು ಫೋನಿನಲ್ಲಿ ಹೇಳಿದವರು ಬೇರೆ ಯಾರೋ.

ಬಿರುಕುಗಳಿಗೆ ನಾನೇ ಬಿಳಿ ಸಿಮೆಂಟು ತುಂಬಿದೆ. ಇಡೀ ಯುದ್ಧದಲ್ಲಿ ಅತಿ ಅಗ್ಗದ, ಅತಿ ಉಪಯೋಗದ ಆಯುಧ ಅದೇ ಎಂದು ನನ್ನ ಅನಿಸಿಕೆ. ಕೆಂಚನ ಹಾಸಿಗೆ ವಾರಕ್ಕೊಮ್ಮೆ ಕುದಿನೀರಿಗೆ. ಸಂಬಂಧಿಕರ ವಾಟ್ಸ್‌ಆ್ಯಪ್ ಗುಂಪಿನಿಂದ ಸಲಹೆಗಳ ಮಳೆ: ಬೇವಿನೆಣ್ಣೆ, ಕರ್ಪೂರ, ಹೊಗೆಸೊಪ್ಪಿನ ಕಷಾಯ, ಬೀಡಿಯ ಕೆಂಡ ಮುಟ್ಟಿಸುವುದು, ಸೀತಾಫಲದ ಬೀಜದ ಪುಡಿ. ಬೇವಿನೆಣ್ಣೆ ಹಚ್ಚಿದೆ, ಕೆಂಚ ಅದನ್ನು ಸೋಫಾಕ್ಕೆ ಒರೆಸಿದ. ಕೆಂಡ ಮುಟ್ಟಿಸಿದರೆ ಉಣುಗಿಗಿಂತ ಮೊದಲು ನಾಯಿಯ ಚರ್ಮ ಸುಡುತ್ತದೆ. ಸೀತಾಫಲದ ಬೀಜ ಹೇನು ಕೊಲ್ಲುವುದು ನಿಜ. ಕಣ್ಣಿಗೆ ಹೋದರೆ ಕಣ್ಣಿನ ಪಾರದರ್ಶಕ ಪೊರೆಯನ್ನೇ ಹಾಳು ಮಾಡುವುದೂ ನಿಜ. ತಲೆ ಕೊಡವುವ ನಾಯಿಗೆ ಅದನ್ನು ಹಚ್ಚುವ ಧೈರ್ಯ ನನಗಿಲ್ಲ. ಉಣುಗು ತೆಗೆಯಲು ಚಿಮಟವೇ ಸರಿ. ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ನೇರ ಎಳೆಯಬೇಕು.

ಕೊನೆಗೆ ಕೆಲಸ ಮಾಡಿದ್ದು ನಾಯಿ ನುಂಗುವ ಮಾತ್ರೆ. ಫ್ಲೂರಲಾನರ್ ಎಂಬ ಹೆಸರಿನದು, ಒಂದು ಕೊಟ್ಟರೆ ಹನ್ನೆರಡು ವಾರ. ಇದೇ ಗುಂಪಿನ ಬೇರೆ ಕೆಲವನ್ನು ತಿಂಗಳಿಗೊಮ್ಮೆ ಕೊಡಬೇಕು. ಅದರ ದುಡ್ಡಿಗೆ ಊರಲ್ಲಿ ದನಕ್ಕೆ ಹಿಂಡಿ ಮೂಟೆ ಬರುತ್ತದೆ ಎಂದು ಅಮ್ಮ ಹೇಳಿದ್ದು ಒಂದು ಸಲ ಅಲ್ಲ. ಅವಳ ಇನ್ನೊಂದು ತಕರಾರು ಹೆಚ್ಚು ಗಟ್ಟಿಯಾದದ್ದು.

"ಅದು ಕಚ್ಚಿದ ಮೇಲೆ ಸಾಯ್ತದೆ ಅಂದ್ರೆ ಕಚ್ಚಿದ್ದು ಕಚ್ಚಿಯೇ ಆಯ್ತಲ್ಲ?"

ಹೌದು. ಔಷಧಿ ನಾಯಿಯ ರಕ್ತದಲ್ಲಿರುತ್ತದೆ, ಕುಡಿದ ಉಣುಗು ಸಾಯುತ್ತದೆ. ಹಾಗಾಗಿ ಎರ್ಲಿಕಿಯದ ಹೆದರಿಕೆ ಪೂರ್ತಿ ಹೋಗುವುದಿಲ್ಲ. ಆದರೆ ಹೊಟ್ಟೆ ತುಂಬುವ ಮೊದಲೇ ಸತ್ತರೆ ಮೊಟ್ಟೆ ಇಡಲು ಯಾರೂ ಗೋಡೆಗೆ ವಾಪಸು ಬರುವುದಿಲ್ಲ. ಹೋಟೆಲಿನ ಊಟಕ್ಕೇ ವಿಷ ಬೆರೆಸಿದ ಲೆಕ್ಕ. ಗೋಡೆಯಲ್ಲಿರುವ ಒಂದೊಂದೂ ಹಸಿವಾಗಿ ಬಂದು ಉಂಡು ಸಾಯುವ ತನಕ ತಾಳ್ಮೆಯಿಂದ ಕಾಯಬೇಕು. ಅದಕ್ಕೇ ತಿಂಗಳುಗಳು ಹಿಡಿಯುವುದು, ಅದಕ್ಕೇ "ಕಡಿಮೆಯಾಯ್ತು" ಎಂದು ಮಾತ್ರೆ ನಿಲ್ಲಿಸಬಾರದು. ಫಿಟ್ಸ್ ಬರುವ ನಾಯಿಯಾಗಿದ್ದರೆ ಮೊದಲೇ ಹೇಳಿ ಎಂದು ಡಾಕ್ಟರು ಕೇಳಿ ಖಚಿತಪಡಿಸಿಕೊಂಡಿದ್ದರು. ಈ ಗುಂಪಿನ ಔಷಧಿಗಳಿಂದ ಕೆಲವು ನಾಯಿಗಳಿಗೆ ನಡುಕ, ಫಿಟ್ಸ್ ಬಂದದ್ದಿದೆ ಎಂದು ಅಮೆರಿಕದ ಔಷಧ ಇಲಾಖೆ 2018ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಇದನ್ನು ಅಮ್ಮನಿಗೆ ಹೇಳಲಿಲ್ಲ.

ಹೊಟ್ಟೆಯ ಹುಳದ ಬಗ್ಗೆ ಒಂದೇ ಮಾತು ಬರೆದು ಮುಂದೆ ಹೋಗುತ್ತೇನೆ, ಏಕೆಂದರೆ ಆ ದೃಶ್ಯ ನಮ್ಮ ಬೀದಿಯಲ್ಲಿ ದಿನಾ ಕಾಣುತ್ತದೆ. ಬೆಂಗಳೂರಿನಲ್ಲಿ ಯಾವ ಬೀದಿಗೆ ಹೋದರೂ ಒಂದು ಮನೆ ಕಟ್ಟುತ್ತಿರುತ್ತಾರೆ, ಅದರ ಮುಂದೆ ಮರಳಿನ ಗುಡ್ಡೆ ಇರುತ್ತದೆ. ರಾತ್ರಿ ಅದು ನಾಯಿ ಬೆಕ್ಕುಗಳ ಕಕ್ಕಸು, ಹಗಲು ಮಕ್ಕಳ ಅಂಗಳ. ನಾಯಿಮರಿಯ ದುಂಡುಹುಳದ ಮೊಟ್ಟೆ ಬಿದ್ದ ದಿನವೇ ಅಂಟುವುದಿಲ್ಲ, ಕೆಲವು ವಾರ ಬೇಕು. ಆಮೇಲೆ ಮಣ್ಣಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಮಗುವಿನ ಬಾಯಿಗೆ ಹೋದರೆ ಮರಿಹುಳ ದಾರಿ ತಪ್ಪಿ ಪಿತ್ತಜನಕಾಂಗಕ್ಕೋ ಕಣ್ಣಿಗೋ ಹೋಗುತ್ತದೆ. ಕೊಕ್ಕೆಹುಳದ ಮರಿಯಾದರೆ ಬರಿಗಾಲಿನ ಚರ್ಮದೊಳಗೇ ನುಸುಳಿ ಕೆಂಪು ಗೆರೆ ಎಳೆಯುತ್ತ ಹರಿದಾಡುತ್ತದೆ. ಕೆಂಚನಿಗೆ ಮೂರು ತಿಂಗಳಿಗೊಮ್ಮೆ ಜಂತುಹುಳದ ಮಾತ್ರೆ, ವಾಕಿಂಗಿಗೆ ಹೋಗುವಾಗ ನನ್ನ ಜೇಬಿನಲ್ಲಿ ಹಳೆಯ ಹಾಲಿನ ಪ್ಯಾಕೆಟ್ಟು. ಬಗ್ಗಿ ಎತ್ತುವಾಗ ನೋಡಿ ನಗುವವರು ನಗುತ್ತಾರೆ.

ಈಗ ಟೀ ಅಂಗಡಿಯ ಐದು ನಾಯಿಗಳು. ಜುಲೈ ಹೊತ್ತಿಗೆ ನಮ್ಮ ಗೋಡೆ ಚೊಕ್ಕವಾಗಿತ್ತು. ಆದರೆ ಆ ಐದರಲ್ಲಿ ಒಂದರ ಕಿವಿಯಲ್ಲಿ ದ್ರಾಕ್ಷಿ ಗೊಂಚಲಿನ ಹಾಗೆ ಉಣುಗು ನೇತಾಡುತ್ತಿದ್ದರೆ ನನ್ನ ಬಿಳಿ ಸಿಮೆಂಟಿಗೆ ಏನು ಬೆಲೆ? ನಮ್ಮ ಬೀದಿಯಲ್ಲಿ ನಾಯಿ ಸಾಕಿದ ಮನೆ ಆರು. ಎಲ್ಲರ ಮನೆಗೂ ಉಣುಗು ಬಂದಿತ್ತು ಎಂದು ಗೊತ್ತಾಗಿದ್ದು ನಾನು ಬಾಯಿಬಿಟ್ಟ ಮೇಲೆ. ಅಲ್ಲಿಯವರೆಗೂ ಒಬ್ಬರೂ ಹೇಳಿರಲಿಲ್ಲ, ನಾನೂ ಸೇರಿ. ಹೇನು ಬಂದ ಹಾಗೆ ಇದೂ ಮನೆತನದ ಮಾನದ ವಿಷಯ. ಒಬ್ಬರಂತೂ ಕೆಲಸದವಳು ತಂದಳು ಎಂದು ಅವಳನ್ನು ಬಿಡಿಸಿಯೂ ಆಗಿತ್ತು. ಅವಳ ಮನೆಯಲ್ಲಿ ನಾಯಿಯೇ ಇಲ್ಲ.

ನಾಲ್ಕು ಮನೆಯವರು ದುಡ್ಡು ಹಾಕಿ ಐದಕ್ಕೂ ಮಾತ್ರೆ ತಂದೆವು. ಇಬ್ಬರು "ಅವು ನಮ್ಮ ನಾಯಿಯಲ್ಲವಲ್ಲ" ಎಂದರು. ಡಾಕ್ಟರನ್ನು ಕೇಳಿ, ತೂಕ ಅಂದಾಜು ಮಾಡಿ, ಬನ್ನಿನೊಳಗೆ ಇಟ್ಟು, ಒಂದರದ್ದು ಇನ್ನೊಂದು ಕಸಿದುಕೊಳ್ಳದ ಹಾಗೆ ಬೇರೆ ಬೇರೆ ಮೂಲೆಯಲ್ಲಿ ಕೊಡಬೇಕು. ಟೀ ಅಂಗಡಿಯವರೇ ಅದರಲ್ಲಿ ನಿಸ್ಸೀಮರು. ಎಲ್ಲ ನಾಯಿಗಳಿಗೂ ಅವರು ಹೆಸರಿಟ್ಟಿದ್ದಾರೆ ಎಂದು ನನಗೆ ಆಗಲೇ ತಿಳಿದದ್ದು. ಮೂರು ತಿಂಗಳಿಗೊಮ್ಮೆ ಅವರೇ ಈಗ ಜ್ಞಾಪಿಸುತ್ತಾರೆ: "ಮೇಡಂ, ಬನ್ನಿನ ತಾರೀಕು ಬಂತು."

ಅಮ್ಮ ಊರಿಗೆ ಹೋದಳು. ಡಿಸೆಂಬರಿನಲ್ಲಿ ಫೋನ್ ಮಾಡಿದಾಗ ಆಶಾ ಕಾರ್ಯಕರ್ತೆ ಬಂದು ಎಣ್ಣೆ ಕೊಟ್ಟು ಹೋದ ಸುದ್ದಿ ಹೇಳಿದಳು. ಈಗ ಡಿಎಂಪಿ ಅಲ್ಲ, 'ಡೇಪಾ ಅಂತ ಎಂತದೋ' ಹೊಸತು. ಹಚ್ಚಿಕೊಂಡೇ ದರಕಿಗೆ ಹೋಗುತ್ತೀಯಲ್ಲ ಎಂದೆ. ಹೂಂ ಎಂದಳು. ಆ ಹೂಂ ನನಗೆ ಗೊತ್ತು, ಅದರಲ್ಲಿ ಅರ್ಧ ನಿಜ.

"ನಿಮ್ಮನೆ ಗೋಡೆ ಹೆಂಗಿದ್ದು?" ಎಂದು ಕೇಳಿದಳು. ಕೆಂಚ ಹೇಗಿದ್ದಾನೆ ಎಂದು ಕೇಳಲಿಲ್ಲ.

ಹೊಸ ವರ್ಷದ ಕ್ಯಾಲೆಂಡರನ್ನು ಅದೇ ಮೊಳೆಗೆ ಹಾಕಿದ್ದೇನೆ. ತಿಂಗಳ ಕೊನೆಯವರೆಗೂ ಕಾಯುವುದಿಲ್ಲ, ಭಾನುವಾರಕ್ಕೊಮ್ಮೆ ಅಂಚು ಹಿಡಿದು ಎತ್ತಿ ನೋಡುತ್ತೇನೆ. ಈ ಭಾನುವಾರ ಏನೂ ಇರಲಿಲ್ಲ. ಇಳಿಸಿ ತಿರುಗುವಷ್ಟರಲ್ಲಿ ಕೆಂಚ ಹಿಂಗಾಲಿನಿಂದ ಕಿವಿಯ ಹಿಂದೆ ಕೆರೆದುಕೊಂಡ, ಒಂದು ಸಲ, ಸ್ವಲ್ಪ ತಡೆದು ಮತ್ತೊಂದು ಸಲ. ಅಡುಗೆಮನೆಗೆ ಹೋಗಿ ಟಾರ್ಚು ತಂದೆ.